ವೇಲೂರಿನ ಐಡಾ ಸ್ಕಡರ್

ಬೇಸಗೆಯ ರಜೆ ಬಂದಿತೆಂದರೆ ನಮ್ಮ ಶಾಲೆಯ ಮಕ್ಕಳಲ್ಲಿ ಅನೇಕರು ಅಜ್ಜಿಯ ಮನೆಯನ್ನು ನೆನೆದು ಬೆಂಗಳೂರಿನ ದಾರಿ ಹಿಡಿಯುವುದುಂಟು. ಮಾಧವರಂ ಬಿಟ್ಟು, ಪೂನಮಲ್ಲಿ, ಶ್ರೀಪೆರುಂಬುದೂರುಗಳನ್ನು ಹಿಂದಕ್ಕೆ ಹಾಕಿ, ರಾಣಿಪೇಟೆಯನ್ನೂ ದಾಟಿದರೆ ಸುಮಾರು ೧೪೦ ಕಿಲೋಮೀಟರಿನ ಹೊತ್ತಿಗೆ ವೇಲೂರು ಸಿಕ್ಕುತ್ತದೆ. ಅಲ್ಲಿ ಬಸ್ಸಿನಿಂದ ಇಳಿಯುವವರಲ್ಲಿ ಕೋಟೆಯನ್ನು ನೋಡಲು ಬಂದವರು ಕೆಲವರೇ. ಮಿಕ್ಕವರು ಒಂದು ಕೈಯಲ್ಲಿ ಬಟ್ಟೆಯ ಗಂಟನ್ನೂ ಇನ್ನೊಂದು ಕೈಯಲ್ಲಿ ವೈದ್ಯರ ಚೀಟಿಗಳ ಕಟ್ಟನ್ನೂ ಹಿಡಿದವರು. ತಮಿಳು, ತೆಲುಗು, ಬಂಗಾಳಿ, ನಮ್ಮ ಕನ್ನಡ, ಎಲ್ಲ ನುಡಿಗಳೂ ಅಲ್ಲಿ ಕಿವಿಗೆ ಬೀಳುತ್ತವೆ. ಅವರೆಲ್ಲರೂ ಹೋಗುವುದು ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ. ಒಂದೇ ಒಂದು ಹಾಸಿಗೆಯಿಂದ ಅದನ್ನು ಮೊದಲು ಮಾಡಿದ ಐಡಾ ಸೋಫಿಯಾ ಸ್ಕಡರ್ ಅವರ ಜೀವನವೃತ್ತಾಂತವನ್ನು ಇಲ್ಲಿ ಸಂಗ್ರಹವಾಗಿ ಹೇಳಲು ಯತ್ನಿಸಿದ್ದೇನೆ.

ದೀನರಿಗೆ ನೆರವಾಗಬೇಕೆಂಬುದು ಎಲ್ಲ ಮತಗಳ ಮಾತು. ಕ್ರೈಸ್ತರಿಗಂತೂ ಅದು ಮುಖ್ಯವಾದ ಕರ್ತವ್ಯ. ಆದರೆ ನೆರವಾಗುವುದು ಹೇಗೆ? ಹಸಿದವನಿಗೆ ಅನ್ನವಿಟ್ಟರೆ ಆ ಹೊತ್ತಿನ ಹಸಿವು ಹೋಗುತ್ತದೆ; ನಾಳೆಯ ಮಾತೇನು? ಐಡಾ ಈ ಪ್ರಶ್ನೆಗೆ ಒಂದೇ ದಿನದಲ್ಲಿ ಉತ್ತರ ಕಂಡುಕೊಂಡವರಲ್ಲ. ತಮ್ಮ ಉತ್ತರವನ್ನು ಎಪ್ಪತ್ತರ ವಯಸ್ಸಿನಲ್ಲಿಯೂ ತಿದ್ದಿಕೊಂಡವರು. ಅವರ ಕಥೆ ನನಗೆ ಪ್ರಿಯವಾಗಿರುವುದು ಮುಖ್ಯವಾಗಿ ಅದಕ್ಕಾಗಿಯೇ.

ಐಡಾ ಹುಟ್ಟಿದ್ದು ೧೮೭೦ನೆಯ ಇಸವಿ ಡಿಸೆಂಬರ್ ೯ರಂದು, ನಾವು ಈಗ ತಾನೆ ದಾಟಿ ಬಂದ ರಾಣಿಪೇಟೆಯಲ್ಲಿ. ತಾತ ಜಾನ್ ಸ್ಕಡರ್ ೧೮೧೯ರಲ್ಲಿ ಅಮೆರಿಕವನ್ನು ಬಿಟ್ಟು ಸಿಂಹಳಕ್ಕೆ ಬಂದು, ೧೮೩೬ರಲ್ಲಿ ಮದರಾಸಿಗೆ ಬಂದ ವೈದ್ಯರು, ಪಾದ್ರಿಗಳು. ತಂದೆಯ ಹೆಸರೂ ಜಾನ್. ಅವರೂ ವೈದ್ಯರು, ಪಾದ್ರಿಗಳು. ಆ ಮನೆತನದಲ್ಲಿ ಹುಟ್ಟಿದವರು ಭಾರತಕ್ಕೆ ಬಂದು ಸೇವೆ ಮಾಡುವುದೆಂದರೆ ನಮ್ಮಲ್ಲಿ ಅರ್ಚಕರ ಮಗ ಅರ್ಚಕನಾದಂತೆ ಸಹಜವೆಂದು ತೋರುತ್ತಿತ್ತು. ಐವರು ಅಣ್ಣಂದಿರ ಮುದ್ದಿನ ತಂಗಿಯಾದ ಐಡಾಳಿಗೆ ಮಾತ್ರ ಅದು ಸಹಜವೆಂದು ತೋರಲಿಲ್ಲ.

ಅದಕ್ಕೆ ಕಾರಣವೂ ಇತ್ತು. ೧೮೭೬ರಿಂದ ೧೮೭೮ರವರೆಗೆ ದಕ್ಷಿಣ ದೇಶದಲ್ಲೆಲ್ಲ ಭೀಕರವಾದ ಕ್ಷಾಮ. ಮೈಸೂರು ಸೀಮೆಯ ಹಿರಿಯರು ಧಾತು-ಈಶ್ವರದ ಬರವೆಂದು ಹೇಳುತ್ತಿದ್ದುದು ಇದನ್ನೇ; ಆ ಸಂಸ್ಥಾನದಲ್ಲಿ ಐದರಲ್ಲಿ ಒಂದು ಪಾಲಿನಷ್ಟು ಜನ ಅಳಿದುಹೋದರೆಂದು ಲೆಕ್ಕವಿದೆ. ವೇಲೂರಿನಲ್ಲಿ ಸ್ಕಡರ್ ದಂಪತಿಗಳು ಗಂಜಿ ಹಂಚಲು ನಿಂತರು. ಆರು ವರ್ಷದ ಐಡಾ ರೊಟ್ಟಿಯನ್ನು ಮುರಿದು, ಕೈಯೆತ್ತಿ ತಿನ್ನಲೂ ಶಕ್ತಿಯಿಲ್ಲದ ಮಕ್ಕಳ ಬಾಯಿಗೆ ತುಂಡು ತುಂಡಾಗಿ ಇಟ್ಟಳು. ತನ್ನ ಕೈಯಿಂದ ಉಂಡ ಮಕ್ಕಳಲ್ಲಿ ಎಷ್ಟು ಮಂದಿ ಬದುಕಿದರೋ ಆ ಬಾಲಿಕೆಗೆ ತಿಳಿಯದು. ಆ ನೋಟವನ್ನು ಆಕೆ ಮರೆಯಲಿಲ್ಲ. ಮತ್ತೆ ನೋಡಲು ಬಯಸಲೂ ಇಲ್ಲ. ಅಮೆರಿಕಕ್ಕೆ ಹೋದ ಮೇಲೆ ಮ್ಯಾಸಚೂಸೆಟ್ಸಿನ ನಾರ್ತ್‌ಫೀಲ್ಡ್ ಶಾಲೆಯಲ್ಲಿ ಓದಿ, ನಗುತ್ತ ನಲಿಯುತ್ತ ಬೆಳೆದ ಆಕೆ, ಉರಿಬಿಸಿಲಿನ, ಬಡತನದ ಆ ದೇಶಕ್ಕೆ ತಾನು ಸೇವೆಗೆಂದು ಎಂದಿಗೂ ಹಿಂದಿರುಗುವುದಿಲ್ಲವೆಂದು ನಿಶ್ಚಯಿಸಿಕೊಂಡಿದ್ದಳು.

೧೮೯೦ರಲ್ಲಿ ತಾಯಿಗೆ ಕಾಯಿಲೆಯೆಂಬ ಸುದ್ದಿ ಬಂದುದರಿಂದ, ಕೆಲವು ಕಾಲ ಶುಶ್ರೂಷೆ ಮಾಡಿ ಹಿಂದಿರುಗುವ ಉದ್ದೇಶದಿಂದ ಐಡಾ ತಿಂಡಿವನಕ್ಕೆ ಬಂದಳು. ಒಂದು ರಾತ್ರಿ ಆಕೆ ದೀಪದ ಮುಂದೆ ಕುಳಿತಿದ್ದಾಗ ಬಾಗಿಲಿಗೆ ಒಬ್ಬ ಬ್ರಾಹ್ಮಣ ಗೃಹಸ್ಥನು ಬಂದನು. ಇನ್ನೂ ಬಾಲಿಕೆಯಾದ ಅವನ ಹೆಂಡತಿ ಹೆರಿಗೆಯ ಬೇನೆಯಲ್ಲಿ ಸಾಯುವ ಸ್ಥಿತಿಯಲ್ಲಿದ್ದಳು, ಸೂಲಗಿತ್ತಿಯರು ಕೈಬಿಟ್ಟಿದ್ದರು. ತನ್ನ ತಂದೆ ವೈದ್ಯರು, ಅವರನ್ನು ಕಳುಹಿಸುವೆನೆಂದು ಐಡಾ ಹೇಳಲು, ಪರಪುರುಷನು ತನ್ನ ಮನೆಯ ಹೆಣ್ಣನ್ನು ನೋಡುವುದಕ್ಕಿಂತ ಆಕೆ ಸಾಯುವುದೇ ಮೇಲೆಂದು ತಿಳಿಸಿ ಅವನು ಹೊರಟುಹೋದನು. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ಮುಸಲ್ಮಾನನು ಬಂದನು. ಅದೇ ಬೇಡಿಕೆ, ಅದೇ ಉತ್ತರ. ಆ ಮೇಲೆ ಇನ್ನೊಬ್ಬ ಹಿಂದೂ ಗೃಹಸ್ಥ. ಮೂವರೂ ಕೇಳಿದ್ದು ಆ ಹುಡುಗಿಯನ್ನು. ಆಕೆಗೋ ವೈದ್ಯದ ಗಂಧವಿಲ್ಲ. ರಾತ್ರಿಯೆಲ್ಲ ನಿದ್ದೆಯಿಲ್ಲ. ಬೆಳಗಾಗುತ್ತಲೇ ಊರಿನಲ್ಲಿ ಚರಮಯಾತ್ರೆಯ ತಮಟೆ ಕೇಳಿಸಿತು. ಆಳನ್ನು ಕಳುಹಿಸಿ ವಿಚಾರಿಸಲು, ಮೂವರು ಹೆಂಗಸರೂ ತೀರಿಕೊಂಡಿದ್ದರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ಊರಿನಲ್ಲಿ ವೈದ್ಯರಿದ್ದರು, ಔಷಧವಿತ್ತು, ಕರೆದರೆ ಬರುವ ಮನಸ್ಸೂ ಇತ್ತು. ಇಷ್ಟೆಲ್ಲ ಇದ್ದೂ ನೆರವು ಆ ಹೆಂಗಸರ ಹೊಸಿಲನ್ನು ದಾಟಲಿಲ್ಲ. ಹೊಸಿಲು ದಾಟಬಲ್ಲ ಕೈ ಹೆಣ್ಣಿನದೇ ಆಗಬೇಕಾಗಿತ್ತು. ಐಡಾ ತಾನು ವೈದ್ಯಳಾಗುವೆನೆಂದು ತಂದೆತಾಯಿಗಳಿಗೆ ತಿಳಿಸಿ ಅಮೆರಿಕಕ್ಕೆ ಹೊರಟಳು.

ಅಲ್ಲಿ ಆಕೆ ಓದಿದುದು ಮೊದಲು ಫಿಲಡೆಲ್ಫಿಯದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ, ಅನಂತರ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ. ಆ ಕಾಲೇಜು ಹೆಣ್ಣುಮಕ್ಕಳಿಗೆ ಬಾಗಿಲು ತೆರೆದ ಮೊದಲ ತಂಡದಲ್ಲಿ ಸೇರಿ ೧೮೯೯ರಲ್ಲಿ ಪದವಿ ಪಡೆದರು. ವೇಲೂರಿನಲ್ಲಿ ಹೆಂಗಸರ ಆಸ್ಪತ್ರೆಗೆ ಎಂಟು ಸಾವಿರ ಡಾಲರ್ ಕೂಡಿಸುವ ಹೊಣೆ ಅವರ ಮೇಲೆ ಬಿದ್ದಿತು. ನ್ಯೂಯಾರ್ಕಿನಲ್ಲಿ ಒಬ್ಬ ಮಹಿಳೆಯ ಮನೆಯಲ್ಲಿ ಇದರ ಅಗತ್ಯವನ್ನು ವಿವರಿಸುತ್ತಿದ್ದಾಗ ಪಕ್ಕದ ಕೋಣೆಯಲ್ಲಿದ್ದ ಶೆಲ್ ಎಂಬ ವೃದ್ಧ ಸಾಹುಕಾರರು ಅದನ್ನು ಕೇಳಿಸಿಕೊಂಡು, ಮರುದಿನ ಕರೆಯಿಸಿ, ಗತಿಸಿದ ತಮ್ಮ ಪತ್ನಿಯ ಹೆಸರಿನಲ್ಲಿ ಹತ್ತು ಸಾವಿರ ಡಾಲರುಗಳನ್ನು ಕೊಟ್ಟರು.

೧೯೦೦ರಲ್ಲಿ ಐಡಾ ಅವರು ವೇಲೂರಿಗೆ ಬಂದರು. ಜೊತೆಗಿದ್ದು ಕೆಲಸ ಕಲಿಸಬೇಕಾಗಿದ್ದ ತಂದೆ ಅದೇ ವರ್ಷ ತೀರಿಕೊಂಡರು. ಅನುಭವವಿಲ್ಲದ ಕಿರಿಯ ಹೆಂಗಸಿನ ಕೈಗೆ ಪ್ರಾಣವನ್ನು ಒಪ್ಪಿಸಲು ಊರವರು ಹಿಂಜರಿದರು. ಆದರೂ ಬಂಗಲೆಯ ಕೋಣೆಯೊಂದರಲ್ಲಿ ಒಂದು ಹಾಸಿಗೆಯನ್ನು ಹಾಕಿ ಅವರು ಕೆಲಸವನ್ನು ಆರಂಭಿಸಿದರು. ಸಲೋಮಿಯೆಂಬ, ಮನೆಯ ಕೆಲಸದವನ ಹೆಂಡತಿ, ಗಾಯ ತೊಳೆಯುವುದನ್ನೂ ಪಟ್ಟಿ ಕಟ್ಟುವುದನ್ನೂ ಕಲಿತು ಅವರ ಬಲಗೈಯಾದಳು. ಎರಡು ವರ್ಷಗಳಲ್ಲಿ ಐದು ಸಾವಿರ ರೋಗಿಗಳು! ೧೯೦೨ರಲ್ಲಿ ಮೇರಿ ಟೇಬರ್ ಶೆಲ್ ಆಸ್ಪತ್ರೆ ೪೦ ಹಾಸಿಗೆಗಳೊಡನೆ ತೆರೆಯಿತು.

ಹಾಸಿಗೆಗಳು ತುಂಬಿದವು. ಆದರೆ ಆಸ್ಪತ್ರೆಯ ತನಕ ಬರಲು ಆಗದವರು ಎಷ್ಟೋ ಮಂದಿ. ಕೂಲಿಯವನಿಗೆ ಒಂದು ದಿನದ ಪ್ರಯಾಣವೆಂದರೆ ಒಂದು ದಿನದ ಕೂಲಿ ಹೋದಂತೆ, ಆ ದಿನ ಮನೆಯಲ್ಲಿ ಒಲೆ ಹತ್ತದಂತೆ. ಬಡವರ ಮನೆಯಲ್ಲಿ ಕಾಯಿಲೆ ಒಂಟಿಯಾಗಿ ಬರುವುದಿಲ್ಲ. ಸಾಲವನ್ನು ಜೊತೆಗೆ ಕರೆದುಕೊಂಡು ಬರುತ್ತದೆ. ಮೊದಲು ಪಾತ್ರೆ, ಆ ಮೇಲೆ ಎಮ್ಮೆ, ಕೊನೆಗೆ ತುಂಡುಭೂಮಿ, ಹೀಗೆ ಒಂದೊಂದೇ ಮನೆಯಿಂದ ಹೊರಡುತ್ತದೆ. ಆದುದರಿಂದ ವೈದ್ಯರೇ ರೋಗಿಯ ಬಳಿಗೆ ಹೋಗುವ ಏರ್ಪಾಡಾಯಿತು. ಮೂವತ್ತು ಕಿಲೋಮೀಟರಿನಷ್ಟು ದೂರದ ಗುಡಿಯಾತ್ತಂ ಊರಿಗೆ ವಾರಕ್ಕೊಮ್ಮೆ ಐಡಾ ಗಾಡಿಯಲ್ಲಿ ಹೋಗುತ್ತಿದ್ದಾಗ ದಾರಿಯುದ್ದಕ್ಕೂ ಮರಗಳ ನೆರಳಿನಲ್ಲಿ ಜನ ಕಾದು ನಿಲ್ಲತೊಡಗಿದರು. ಹುಣಿಸೆಯ ಮರದ ಕೆಳಗೆ ಪೆಟ್ಟಿಗೆ ತೆರೆದು ಔಷಧ ಕೊಡುವ ಈ ದಾರಿಬದಿಯ ದವಾಖಾನೆಗಳು ಬಹು ಪ್ರಸಿದ್ಧವಾದವು. ೧೯೦೯ರಲ್ಲಿ ಫ್ರಾನ್ಸಿನ ಪ್ಯೂಜೊ ಮೋಟಾರು ಗಾಡಿ ಬಂದಾಗ, ಕುದುರೆಯಿಲ್ಲದೆ ಗುಡುಗುತ್ತ ಓಡುವ ಅದನ್ನು ಕಂಡು ಹಳ್ಳಿಯವರು ದೆವ್ವವೆಂದು ಗದ್ದೆಯೊಳಕ್ಕೆ ಓಡಿದರಂತೆ. ಕೆಲವೇ ದಿನಗಳಲ್ಲಿ ಅದರ ಸದ್ದಿಗಾಗಿ ಕಿವಿಗೊಟ್ಟು ಕಾಯುವವರೂ ಅವರೇ ಆದರು.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಐಡಾ ಸ್ಕಡರ್ ಕರುಣಾಳುಗಳಾದ ನೂರಾರು ವಿದೇಶೀಯರಲ್ಲಿ ಒಬ್ಬರಾಗಿ ಉಳಿಯುತ್ತಿದ್ದರು. ಆದರೆ ಅವರು ಲೆಕ್ಕ ಹಾಕಿದರು. ಒಬ್ಬ ವೈದ್ಯೆ ಹಗಲಿರುಳು ದುಡಿದರೂ ಎಷ್ಟು ಹಳ್ಳಿ? ತಾವು ಸತ್ತ ಮೇಲೆ ಯಾರು? ಅಮೆರಿಕದಿಂದ ಇನ್ನೆಷ್ಟು ಮಂದಿಯನ್ನು ತರಿಸುವುದು? ಈ ದೇಶದ ಹೆಣ್ಣುಮಕ್ಕಳೇ ದಾದಿಯರಾಗಬೇಕು, ವೈದ್ಯರಾಗಬೇಕು, ಬೇರೆ ದಾರಿಯಿಲ್ಲ. ೧೯೦೯ರಲ್ಲಿ ದಾದಿಯರ ಶಾಲೆಯನ್ನು ತೆರೆದರು. ವೈದ್ಯಶಾಲೆಯ ಮಾತೆತ್ತಿದಾಗ ಹಲವರು ನಕ್ಕರು. ಮದರಾಸಿನ ವೈದ್ಯಕೀಯ ಕಾಲೇಜು ೧೮೭೫ರಷ್ಟು ಹಿಂದೆಯೇ ಹೆಂಗಸರನ್ನು ಸೇರಿಸಿಕೊಂಡಿದ್ದರೂ ಅಲ್ಲಿ ಓದಿದವರು ವಿರಳ. ಆಗಿನ ಸರ್ಜನ್ ಜನರಲ್ ಕರ್ನಲ್ ಬ್ರೈಸನ್ ಅವರು, ಮೂರು ಅರ್ಜಿ ಬಂದರೆ ಹೆಚ್ಚೆಂದು ಹೇಳಿ, ಆರು ಬಂದರೆ ಶಾಲೆ ತೆರೆಯಬಹುದೆಂದು ಒಪ್ಪಿಗೆಯಿತ್ತರು. ಬಂದ ಅರ್ಜಿಗಳು ೧೫೧! ೧೯೧೮ರ ಆಗಸ್ಟ್ ೧೨ರಂದು ಗವರ್ನರ್ ಲಾರ್ಡ್ ಪೆಂಟ್‌ಲೆಂಡ್ ಅವರು ಶಾಲೆಯನ್ನು ಆರಂಭಿಸಿದರು. ಎಲ್.ಎಂ.ಪಿ. ಎಂಬ ಪರವಾನೆಯ ಶಿಕ್ಷಣ; ಬಾಡಿಗೆಯ ಕಟ್ಟಡ, ಅಲ್ಪ ಸಾಮಗ್ರಿ, ಬೋಧಕರೆಂದರೆ ಬಹುಮಟ್ಟಿಗೆ ಐಡಾ ಅವರೊಬ್ಬರೇ. ಗಂಡಸರ ಶಾಲೆಗಳಲ್ಲಿಯೇ ಐವರಲ್ಲಿ ಒಬ್ಬನು ತೇರ್ಗಡೆಯಾಗುವುದು ಕಷ್ಟವಾದುದರಿಂದ, ಹುಡುಗಿಯರು ಸೋತರೆ ಮನಗುಂದಬಾರದೆಂದು ಬ್ರೈಸನ್ ಮೊದಲೇ ಸಮಾಧಾನ ಹೇಳಿದ್ದರು. ಮೊದಲ ವರ್ಷದ ಪರೀಕ್ಷೆಗೆ ಕುಳಿತ ಹದಿನಾಲ್ವರೂ ತೇರ್ಗಡೆಯಾದರು!

ಮುಂದೆ ಇಪ್ಪತ್ತು ವರ್ಷ ಶಾಲೆ ಬೆಳೆಯಿತು. ಲೂಸಿ ಪೀಬಡಿಯೆಂಬ ಅಮೆರಿಕದ ಗೆಳತಿ ಊರೂರು ತಿರುಗಿ ಹಣ ಕೂಡಿಸಿಕೊಟ್ಟರು. ೧೯೨೮ರಲ್ಲಿ ಮಹಾತ್ಮಾ ಗಾಂಧಿಯವರು ಬಂದು ನೋಡಿದರು. ಆದರೆ ೧೯೩೮ರ ಹೊತ್ತಿಗೆ ಮದರಾಸು ಸರಕಾರವು ಎಲ್.ಎಂ.ಪಿ. ಶಿಕ್ಷಣವನ್ನು ನಿಲ್ಲಿಸಿ, ವೈದ್ಯರಾಗುವವರೆಲ್ಲರೂ ವಿಶ್ವವಿದ್ಯಾನಿಲಯದ ಎಂ.ಬಿ.ಬಿ.ಎಸ್. ಪದವಿಯನ್ನೇ ಪಡೆಯಬೇಕೆಂದು ವಿಧಿಸಿತು. ಸರಕಾರದ್ದು ತಪ್ಪೆನ್ನುವಂತಿಲ್ಲ, ಬಡವರಿಗೆ ಅರ್ಧ ಕಲಿತ ವೈದ್ಯರು ಸಾಕೆಂದು ಯಾರು ಹೇಳಬಲ್ಲರು? ಆದರೆ ಆ ಮಟ್ಟಕ್ಕೆ ಏರಲು ಹೆಚ್ಚು ಹಾಸಿಗೆಗಳು, ಪ್ರಯೋಗಶಾಲೆಗಳು, ಉನ್ನತ ಪದವೀಧರರಾದ ಬೋಧಕರು, ಅಪಾರವಾದ ಹಣ, ಎಲ್ಲವೂ ಬೇಕಾಗಿತ್ತು. ಜಗತ್ತಿನಲ್ಲಿಯೋ ಮಹಾಯುದ್ಧ. ಶಾಲೆ ಮುಚ್ಚುವುದೆಂದೇ ಅನೇಕರು ಭಾವಿಸಿದರು.

ಎಪ್ಪತ್ತು ದಾಟಿದ್ದ ಐಡಾ ೧೯೪೧ರಲ್ಲಿ ಅಮೆರಿಕಕ್ಕೆ ಹೋಗಿ ನಾಲ್ಕು ವರ್ಷ ಊರಿಂದೂರಿಗೆ ಅಲೆದರು. ಆಗ ಹಣಕ್ಕಿಂತಲೂ ಕಠಿನವಾದ ಒಂದು ಪ್ರಶ್ನೆ ಎದುರಾಯಿತು. ಎಲ್ಲ ಕ್ರೈಸ್ತ ಸಂಘಗಳೂ ಸೇರಿ ಗಂಡು ಹೆಣ್ಣು ಇಬ್ಬರಿಗೂ ಒಂದೇ ಕಾಲೇಜನ್ನು ನಡೆಸಿದರೆ ಮಾತ್ರ ಸಂಸ್ಥೆ ಉಳಿಯುವಂತಿತ್ತು. ಹೆಣ್ಣುಮಕ್ಕಳಿಗಾಗಿಯೇ ಹೆಂಗಸರು ಕೂಡಿಸಿದ ಹಣವನ್ನು ಗಂಡಸರಿಗೂ ಹಂಚುವುದು ನಂಬಿಕೆದ್ರೋಹವೆಂದು ಲೂಸಿ ಪೀಬಡಿ ಮೊದಲಾದವರು ಬಲವಾಗಿ ವಿರೋಧಿಸಿದರು. ಅವರ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ತಿಂಡಿವನದ ಮೂರು ಸಾವುಗಳನ್ನು ಕಂಡಿದ್ದ ಐಡಾ ಅವರಿಗೂ ಮೊದಲು ಇದು ಒಪ್ಪಿಗೆಯಾಗಿರಲಿಲ್ಲ. ಕೊನೆಗೆ ಅವರು ತಮ್ಮ ಹಳೆಯ ಸಂಕಲ್ಪವನ್ನು ಸಡಿಲಿಸಿದರು. ಹಳೆಯ ಸ್ನೇಹ ಮುರಿಯುವುದನ್ನೂ ಸಹಿಸಿದರು. ೧೯೪೨ರಲ್ಲಿ ಎಂ.ಬಿ.ಬಿ.ಎಸ್. ತರಗತಿಗೆ ಅನುಮತಿ ದೊರೆಯಿತು. ೧೯೪೭ರಲ್ಲಿ ಗಂಡುಹುಡುಗರು ಸೇರಿದರು. ಸುಮಾರು ನಲವತ್ತು ಕ್ರೈಸ್ತ ಸಂಘಗಳು ತಮ್ಮ ಪಂಥಭೇದಗಳನ್ನು ಬದಿಗಿಟ್ಟು ಇದೊಂದಕ್ಕೆ ಹೆಗಲು ಕೊಟ್ಟವು. ಐಡಾ ೧೯೪೬ರಲ್ಲಿ ನಿವೃತ್ತರಾದರು. ಕೆಲವೇ ವರ್ಷಗಳಲ್ಲಿ ಆಡಳಿತವು ಭಾರತೀಯರೇ ಆದ ಡಾಕ್ಟರ್ ಹಿಲ್ಡಾ ಲಾಜರಸ್ ಅವರ ಕೈಗೆ ಬಂದಿತು.

ಆ ಸುಮಾರಿಗೆ ವೇಲೂರಿಗೆ ಬಂದ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರ ಸಂಗತಿಯನ್ನು ಇಲ್ಲಿ ಹೇಳದೆ ಬಿಡಲಾರೆ. ಕುಷ್ಠರೋಗವೇ ಬೆರಳುಗಳನ್ನು ತಿಂದುಹಾಕುತ್ತದೆಂದು ಜನ ನಂಬಿದ್ದರು. ಸ್ಪರ್ಶಜ್ಞಾನ ಹೋದುದರಿಂದ, ಬಿಸಿ ಪಾತ್ರೆಯನ್ನು ಹಿಡಿದರೂ ತಿಳಿಯದೆ, ಗಾಯದ ಮೇಲೆ ಗಾಯವಾಗಿ ಬೆರಳುಗಳು ನಶಿಸುತ್ತವೆಂದು ಬ್ರ್ಯಾಂಡ್ ಕಂಡುಕೊಂಡರು. ಸ್ನಾಯುರಜ್ಜುಗಳನ್ನು ಬದಲಿಸಿ ಕಟ್ಟಿ, ಮುದುಡಿದ ಕೈಗಳನ್ನು ಬಿಡಿಸಿ ನೆಟ್ಟಗೆ ಮಾಡಿದರು. ಹೀಗೆ ವಾಸಿಯಾಗಿ ಹೋದವರಲ್ಲಿ ಕೆಲವರು ಸಪ್ಪೆ ಮುಖ ಮಾಡಿಕೊಂಡು ಹಿಂದಿರುಗಿದರು. ಮೊದಲು ಮುರುಟಿದ ಕೈಯನ್ನು ಕಂಡು ಜನ ಮರುಗಿ ಕಾಸು ಹಾಕುತ್ತಿದ್ದರು. ಈಗ ಕೈ ಚೆನ್ನಾಗಿದೆ, ಭಿಕ್ಷೆ ಹುಟ್ಟುವುದಿಲ್ಲ. ರೋಗಿಯೆಂಬ ಹೆಸರಿನಿಂದಾಗಿ ಕೆಲಸವನ್ನೂ ಯಾರೂ ಕೊಡುವುದಿಲ್ಲ! ಉಪಕಾರವೇ ಅವರ ಹೊಟ್ಟೆಯ ಮೇಲೆ ಹೊಡೆದಂತಾಗಿತ್ತು. ಶಸ್ತ್ರಚಿಕಿತ್ಸೆ ಮಾಡಿದವರು ಅಲ್ಲಿಗೇ ಕೈತೊಳೆದುಕೊಳ್ಳಲಿಲ್ಲ. ಕಾಲೇಜಿನ ಆವರಣದಲ್ಲಿಯೇ ನವಜೀವನ ನಿಲಯವೆಂಬ ಸಣ್ಣ ವಸತಿಯನ್ನು ಕಟ್ಟಿ, ಬಡಗಿಯ ಕೆಲಸವನ್ನೂ ಮರದ ಆಟಿಕೆಗಳನ್ನು ಮಾಡುವುದನ್ನೂ ಕಲಿಸಿದರು. ಗಾಯವಾಗದಂತೆ ಉಳಿ ಸುತ್ತಿಗೆಗಳನ್ನು ಹಿಡಿಯುವುದು ಹೇಗೆಂಬುದೂ ಆ ಪಾಠದಲ್ಲಿ ಸೇರಿತ್ತು.

ನಿವೃತ್ತಿಯ ಅನಂತರ ಐಡಾ ಕೊಡೈಕಾನಲಿನ ತಮ್ಮ ಬೆಟ್ಟದ ಮನೆಯಲ್ಲಿ ಬಹುಕಾಲ ಕಳೆದರು. ಹೂಗಿಡಗಳೆಂದರೆ ಅವರಿಗೆ ಪ್ರಾಣ. ಟೆನಿಸ್ ಆಟದ ಹುಚ್ಚು ಅರವತ್ತು ದಾಟಿದ ಮೇಲೆಯೂ ಬಿಟ್ಟಿರಲಿಲ್ಲ. ಪಂದ್ಯದಲ್ಲಿ ಈ ಅಜ್ಜಿಯನ್ನು ಕಂಡು ಹಗುರವಾಗಿ ಎಣಿಸಿದ ಎಳೆಯ ಹುಡುಗಿ ಸೋತು ಹೋದುದನ್ನು ಅವರ ಶಿಷ್ಯೆಯರು ನಗುತ್ತ ಹೇಳುತ್ತಿದ್ದರು. ಒಮ್ಮೆ ಲಕೋಟೆಯ ಮೇಲೆ ಡಾಕ್ಟರ್ ಐಡಾ, ಇಂಡಿಯ ಎಂದಷ್ಟೇ ಬರೆದಿದ್ದ ಕಾಗದವೊಂದು ದಾರಿ ತಪ್ಪದೆ ಅವರ ಕೈ ಸೇರಿತು.

೧೯೬೦ರ ಮೇ ೨೪ರಂದು, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರು ಕೊಡೈಕಾನಲಿನಲ್ಲಿ ಕಾಲವಾದರು. ವೇಲೂರಿನ ಬೀದಿಗಳಲ್ಲಿ ಅವರ ಅಂತಿಮಯಾತ್ರೆ ಸಾಗಿದಾಗ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಒಟ್ಟಾಗಿ ಹಿಂದೆ ನಡೆದರು. ಅವರಲ್ಲಿ ಹೆಂಗಸರು ಬಹಳ ಮಂದಿ.