ಮನೆಪಾಠ ಹೇಳಿ ಓದಿದ ಮಹನೀಯರು

1861ರಲ್ಲಿ ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿಯೇ ಓದಿ, 1881ರಲ್ಲಿ ಬಿ.ಎ. ಪದವಿ ಪಡೆದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನವು ಅವರನ್ನು ನಮ್ಮ ಈ ಪುಣೆಗೆ ಕರೆತಂದಿತು. 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮುಂಬಯಿ ಪ್ರಾಂತಕ್ಕೇ ಪ್ರಥಮರಾದರು. ನೀರು ಮಿತಿಮೀರಿದರೆ ತಾವಾಗಿಯೇ ತೆರೆಯುವ ಬಾಗಿಲುಗಳನ್ನು ರೂಪಿಸಿ, 1903ರಲ್ಲಿ ಇಲ್ಲಿನ ಖಡಕವಾಸ್ಲಾ ಜಲಾಶಯಕ್ಕೆ ಹಾಕಿಸಿದರು. 1912ರಲ್ಲಿ ಮೈಸೂರಿನ ದಿವಾನರಾದರು, 1962ರಲ್ಲಿ ದಿವಂಗತರಾದರು.

ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಸಂಸ್ಥೆಯು ಎಂಜಿನಿಯರುಗಳ ದಿನವಾಗಿ ಆಚರಿಸುತ್ತದೆ. ನಾವೂ ಹಾರ ಹಾಕಿ ಭಾಷಣ ಕೇಳುತ್ತೇವೆ. ಆದರೆ ಮನೆಪಾಠಕ್ಕೆ ಹಣವಿಲ್ಲದ ಮಕ್ಕಳು ನಮ್ಮ ವಠಾರಗಳಲ್ಲಿ ಇಂದಿಗೂ ಇದ್ದಾರೆ. ದಿನವಿಡೀ ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನಾವು, ಸಂಜೆ ಅಂಥ ಒಬ್ಬನಿಗಾದರೂ ಲೆಕ್ಕ ಹೇಳಿಕೊಟ್ಟರೆ ಹಾರಕ್ಕಿಂತ ಅದೇ ಮೇಲೆಂದು ನಾವು ನಂಬಿದ್ದೇವೆ.