ರಾಜರ್ಷಿ ಶಾಹೂ ಮಹಾರಾಜರು

ಗಡಿಭಾಗದ ನಮ್ಮ ಸದ್ಭಕ್ತರಿಗೆ ಕೊಲ್ಹಾಪುರವೆಂದರೆ ಮಹಾಲಕ್ಷ್ಮಿಯ ಗುಡಿ, ಬೆಲ್ಲದ ಪೇಟೆ. ಆ ಪೇಟೆಗೆ, ಅಂದರೆ ಶಾಹೂಪುರಿಗೆ, ಹೆಸರು ಕೊಟ್ಟ ಅರಸರ ಚರಿತ್ರೆಯನ್ನು ಮಾತ್ರ ನಮ್ಮಲ್ಲಿ ತಿಳಿದವರು ಕಡಿಮೆ. ಅವರು ಲಿಂಗವಂತರಲ್ಲ. ಆದರೂ ಬಸವಾದಿ ಶರಣರು ಕಲ್ಯಾಣದಲ್ಲಿ ಕೈಗೊಂಡ ಕಾರ್ಯದ ಒಂದು ಪಾಲನ್ನು ರಾಜಾಜ್ಞೆಯ ಮೂಲಕ ನಡೆಸಿ ತೋರಿಸಿದ ಪುಣ್ಯಪುರುಷರು. ಆದುದರಿಂದ ಅವರನ್ನು ಇಲ್ಲಿ ಸ್ಮರಿಸುತ್ತಿದ್ದೇವೆ.

ಕಾಗಲದ ಘಾಟಗೆ ಮನೆತನದಲ್ಲಿ 1874ರ ಜೂನ್ 26ರಂದು ಜನಿಸಿದ ಯಶವಂತರಾಯರು 1884ರಲ್ಲಿ ಕೊಲ್ಹಾಪುರದ ಗಾದಿಗೆ ದತ್ತಕರಾಗಿ ಬಂದು ಶಾಹೂ ಎಂಬ ಹೆಸರು ಪಡೆದರು. ರಾಜಕೋಟದಲ್ಲಿ ಓದಿದ ಮೇಲೆ ನಮ್ಮ ಧಾರವಾಡದಲ್ಲಿಯೇ ಅವರ ಶಿಕ್ಷಣ ಮುಂದುವರಿಯಿತು. 1894ರಲ್ಲಿ ಅಧಿಕಾರ ಅವರ ಕೈಗೆ ಬಂದಿತು. ಇಂದು ಬೆಳಗಾವಿ ಜಿಲ್ಲೆಯಲ್ಲಿರುವ ರಾಯಬಾಗವೂ ಅಂದು ಅವರ ಸಂಸ್ಥಾನಕ್ಕೆ ಸೇರಿತ್ತು. ಹೀಗೆ ಕನ್ನಡಿಗರೂ ಅವರ ಪ್ರಜೆಗಳಾಗಿದ್ದರು.

ಅಧಿಕಾರ ವಹಿಸಿಕೊಂಡಾಗ ಅವರು ಮೊದಲು ಕಂಡದ್ದು ಕಚೇರಿಯ ಸ್ಥಿತಿ. ಆಡಳಿತದ 71 ಹುದ್ದೆಗಳಲ್ಲಿ 60 ಒಂದೇ ಜಾತಿಯವರ ಕೈಯಲ್ಲಿದ್ದವು. ಓದು ಕೆಲವರದೇ ಸೊತ್ತಾಗಿತ್ತು. ಆದ್ದರಿಂದ ನೌಕರಿಯೂ ಕೆಲವರದೇ ಆಗಿತ್ತು. 1902ರ ಜುಲೈ 26ರಂದು ಮಹಾರಾಜರು ಹೊರಡಿಸಿದ ಆಜ್ಞೆ, ತೆರವಾಗುವ ಹುದ್ದೆಗಳಲ್ಲಿ ನೂರಕ್ಕೆ ಐವತ್ತನ್ನು ಹಿಂದುಳಿದವರಿಗೆ ಮೀಸಲಿಟ್ಟಿತು. ನಮ್ಮ ದೇಶದಲ್ಲಿ ಇಂಥ ಆಜ್ಞೆಗಳಲ್ಲಿ ಇದು ಮೊದಮೊದಲಿನದು.

ಓದು ಬಾರದವನಿಗೆ ಹುದ್ದೆ ಮೀಸಲಿಟ್ಟು ಪ್ರಯೋಜನವೇನು? ಹಳ್ಳಿಯ ಹುಡುಗನಿಗೆ ಪಟ್ಟಣದಲ್ಲಿ ಅನ್ನ ಹಾಕುವವರು ಯಾರು? ಇದಕ್ಕಾಗಿ ಮಹಾರಾಜರು ಮರಾಠರು, ಜೈನರು, ಮುಸಲ್ಮಾನರು, ಅಸ್ಪೃಶ್ಯರು ಮೊದಲಾದ ಒಂದೊಂದು ಸಮಾಜಕ್ಕೂ ವಸತಿಗೃಹಗಳನ್ನು ತೆರೆಯಿಸಿದರು. 1907ರಲ್ಲಿ ವೀರಶೈವ ಲಿಂಗಾಯತ ವಿದ್ಯಾರ್ಥಿಗಳಿಗೂ ವಸತಿಗೃಹವಾಯಿತು. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಹಾಗೂ ಕಡ್ಡಾಯ ಮಾಡಿ, ಮಕ್ಕಳನ್ನು ಶಾಲೆಗೆ ಕಳಿಸದ ತಂದೆತಾಯಿಗಳಿಗೆ ದಂಡ ವಿಧಿಸಿದರು. 1919ರಲ್ಲಿ ಅಸ್ಪೃಶ್ಯರ ಪ್ರತ್ಯೇಕ ಶಾಲೆಗಳನ್ನು ಮುಚ್ಚಿ, ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕೂಡಬೇಕೆಂದು ಆಜ್ಞಾಪಿಸಿದರು. ಮೊದಲು ಬೇರೆ ಬೇರೆ ಮನೆ ಕಟ್ಟಿಕೊಟ್ಟವರೇ ಕೊನೆಗೆ ಎಲ್ಲರನ್ನೂ ಒಂದೇ ಜಮಖಾನೆಯ ಮೇಲೆ ಕೂಡಿಸಿದರು.

ಆಜ್ಞೆಯಿಂದ ಬಾಗಿಲು ತೆರೆಯುತ್ತದೆ, ಮನಸ್ಸು ತೆರೆಯುವುದಿಲ್ಲ. ಇದನ್ನು ಮಹಾರಾಜರು ಬಲ್ಲರು. ಅವರ ಅರಮನೆಯ ಕುದುರೆಲಾಯದಲ್ಲಿ ಗಂಗಾರಾಮ ಕಾಂಬಳೆ ಎಂಬ ದಲಿತ ಸೇವಕನಿದ್ದ. ಮೇಲ್ಜಾತಿಯವರ ನೀರು ಮುಟ್ಟಿದನೆಂದು ಜೊತೆಯ ನೌಕರರೇ ಅವನನ್ನು ಹೊಡೆದರು. ಮಹಾರಾಜರು ಹೊಡೆದವರನ್ನು ಶಿಕ್ಷಿಸಿ, ಗಂಗಾರಾಮನಿಗೆ ಸ್ವಂತ ಉದ್ಯೋಗ ಮಾಡಲು ನೆರವಾದರು. ಅವನು ಪೇಟೆಯಲ್ಲಿ ಚಹದ ಅಂಗಡಿ ಇಟ್ಟ. ಅಂಗಡಿ ಚೊಕ್ಕಟವಾಗಿತ್ತು, ಚಹ ರುಚಿಯಾಗಿತ್ತು. ಗಿರಾಕಿ ಮಾತ್ರ ಒಬ್ಬನೂ ಬರಲಿಲ್ಲ. ಸುದ್ದಿ ತಿಳಿದ ಮಹಾರಾಜರು ತಮ್ಮ ಸಾರೋಟು ಆ ಅಂಗಡಿಯ ಮುಂದೆ ನಿಲ್ಲಿಸಿ, ನಡುಬೀದಿಯಲ್ಲಿ ಗಂಗಾರಾಮನ ಕೈಯಿಂದ ಚಹ ತರಿಸಿಕೊಂಡು ಕುಡಿದರು, ಜೊತೆಗಿದ್ದವರಿಗೂ ಕುಡಿಸಿದರು. ಅರಸನೇ ಕುಡಿದ ಮೇಲೆ ಬೇಡವೆನ್ನುವವರು ಯಾರು? ಕೊಲ್ಹಾಪುರದ ಜನ ಈ ಸಂಗತಿಯನ್ನು ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ.

1920ರ ಮಾರ್ಚದಲ್ಲಿ ಮಾಣಗಾಂವದಲ್ಲಿ ಅಸ್ಪೃಶ್ಯರ ಪರಿಷತ್ತು ನಡೆಯಿತು. ಅಲ್ಲಿ ಮಹಾರಾಜರು, ತರುಣ ಡಾ. ಅಂಬೇಡ್ಕರರು ಆ ಜನಕ್ಕೆ ದೊರೆತ ನಿಜವಾದ ಮುಂದಾಳು ಎಂದು ಸಾರಿದರು. 1922ರ ಮೇ 6ರಂದು, 47ನೆಯ ವಯಸ್ಸಿನಲ್ಲಿ, ಅವರು ಮುಂಬಯಿಯಲ್ಲಿ ದೇಹವಿಟ್ಟರು.

ಸದ್ಭಕ್ತರೇ, ವಸತಿಗೃಹದ ಉಪಕಾರ ಪಡೆದವರಲ್ಲಿ ನಮ್ಮ ಸಮಾಜವೂ ಒಂದು. ಪಡೆದವರ ಮೇಲೆ ಋಣವಿರುತ್ತದೆ. ನಾವು ಅದನ್ನು ತೀರಿಸಿದ್ದೇವೆಯೇ? ನಮ್ಮ ಹೊಲದಲ್ಲಿ ದಿನವಿಡೀ ದುಡಿದವನಿಗೆ ರೊಟ್ಟಿಯನ್ನು ಮೇಲಿಂದ ಹಾಕಿದ್ದು, ನೀರನ್ನು ಎತ್ತಿ ಹೊಯ್ದದ್ದು ನಮ್ಮ ಹಿರಿಯರ ಕಾಲದ ಮಾತು ಮಾತ್ರವಲ್ಲ. ಕೆಲವು ಮನೆಗಳಲ್ಲಿ ಬೇರೆ ಕಪ್ಪು ಇಂದಿಗೂ ಗೂಡಿನಲ್ಲಿದೆ. ಅಂಗಡಿಯಲ್ಲಿ ಮೂಟೆ ಹೊರಲು ಬೇಕಾದವನು ಗಲ್ಲೆಯ ಹತ್ತಿರ ಕೂಡಲು ಬೇಡವಾಗುತ್ತಾನೆ. ಕಾಯಕವೇ ಕೈಲಾಸವೆಂದು ನಂಬಿದ ನಾವು ಕಾಯಕ ಮಾಡುವವನನ್ನು ಬಾಗಿಲ ಹೊರಗೆ ನಿಲ್ಲಿಸಿದರೆ, ಹಣೆಯ ವಿಭೂತಿಗೆ ಅರ್ಥವುಳಿಯದು.

ನಮ್ಮ ಕೈಯಲ್ಲಿ ರಾಜ್ಯವಿಲ್ಲ. ಆದರೆ ನಮ್ಮ ಮನೆ, ನಮ್ಮ ಹೊಲ, ನಮ್ಮ ಅಂಗಡಿ ನಮ್ಮ ಕೈಯಲ್ಲಿವೆ. ಊರಿನ ಹಿರಿಯನೊಬ್ಬ ಮೊದಲು ಜೊತೆಗೆ ಕುಳಿತು ಉಂಡರೆ ಉಳಿದವರು ಕೂಡುತ್ತಾರೆ. ಆ ಮೊದಲಿಗರು ನಾವಾಗೋಣ.