ಡಾ. ರಾಮಮನೋಹರ ಲೋಹಿಯಾ

ಆಗುಂಬೆಯಿಂದ ಜೋಗದವರೆಗೆ ಹಬ್ಬಿರುವ ಮಲೆನಾಡಿನಲ್ಲಿ ಒಂದು ಕಾಲಕ್ಕೆ ಗದ್ದೆಯ ಒಡೆತನ ಒಬ್ಬರದು, ಉಳುಮೆಯ ದುಡಿಮೆ ಮತ್ತೊಬ್ಬರದು ಆಗಿದ್ದಿತು. ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಬಗೆಗೆ ಎದ್ದ ತಕರಾರು 1951ರ ಏಪ್ರಿಲಿನಲ್ಲಿ ಸತ್ಯಾಗ್ರಹವಾಗಿ ಬೆಳೆಯಿತು. ತಲೆತಲಾಂತರದಿಂದ ಉತ್ತುಬಂದ ಗದ್ದೆಗೆ ಗೇಣಿದಾರರು ಇಳಿದರು. ಪೊಲೀಸರು ಅವರನ್ನು ಹಿಡಿದು ಸೆರೆಮನೆಗೆ ಕಳುಹಿಸಿದರು. ಯಾರ ಮೇಲೂ ಕೈಮಾಡದ ರೈತನು ಕಾನೂನಿನ ಕಣ್ಣಿಗೆ ಅತಿಕ್ರಮಿಯಾಗಿದ್ದನು. ಆ ಜೂನ್ ತಿಂಗಳಲ್ಲಿ ಉತ್ತರದೇಶದಿಂದ ಬಂದು, ಈ ರೈತರೊಡನೆ ನಿಂತು, ತಾವೂ ಬಂಧನಕ್ಕೊಳಗಾದವರು ಸಮಾಜವಾದಿ ಧುರೀಣರಾದ ಲೋಹಿಯಾ ಅವರು.

ಅವರು 1910ರ ಮಾರ್ಚ್ 23ರಂದು ಇಂದಿನ ಉತ್ತರ ಪ್ರದೇಶದ ಅಕ್ಬರಪುರದಲ್ಲಿ ಜನಿಸಿದರು. ತಂದೆ ಹೀರಾಲಾಲರು ಗಾಂಧೀಜಿಯವರ ಅನುಯಾಯಿಗಳು. ಬರ್ಲಿನ್ನಿನಲ್ಲಿ ಡಾಕ್ಟರೇಟ್ ಪಡೆದು ಮರಳಿದ ಲೋಹಿಯಾ ಸ್ವಾತಂತ್ರ್ಯ ಹೋರಾಟಕ್ಕೆ ಇಳಿದರು. 1942ರ ಚಳವಳಿಯಲ್ಲಿ ಭೂಗತರಾಗಿ ದುಡಿದು 1944ರಲ್ಲಿ ಮುಂಬಯಿಯಲ್ಲಿ ಸೆರೆಸಿಕ್ಕರು. ಲಾಹೋರಿನ ಕೋಟೆಯಲ್ಲಿ ಪೊಲೀಸರು ನಿದ್ರೆಗೊಡದೆ ಅವರನ್ನು ಪೀಡಿಸಿದರು. ಅಧಿಕಾರವು ನಿರಾಯುಧನ ಮೇಲೆ ಎತ್ತುವ ಕೈ ಎಂಥದೆಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಪರರ ಸರಕಾರದ ಹಿಂಸೆಯನ್ನು ಖಂಡಿಸುವುದು ಸುಲಭ. ಲೋಹಿಯಾ ಅವರ ಪಾಲಿಗೆ ಕಠಿಣ ಪರೀಕ್ಷೆ ಬಂದುದು 1954ರಲ್ಲಿ. ಆಗ ಅವರು ಪ್ರಜಾ ಸಮಾಜವಾದಿ ಪಕ್ಷದ ಪ್ರಧಾನ ಕಾರ್ಯದರ್ಶಿ. ತಿರುವಾಂಕೂರು-ಕೊಚ್ಚಿಯಲ್ಲಿ ಅದೇ ಪಕ್ಷದ ಪಟ್ಟಂ ತಾಣು ಪಿಳ್ಳೆಯವರ ಮಂತ್ರಿಮಂಡಲವಿತ್ತು. ತಮಿಳು ತಾಲ್ಲೂಕುಗಳನ್ನು ಮದರಾಸು ರಾಜ್ಯಕ್ಕೆ ಸೇರಿಸಬೇಕೆಂಬ ಚಳವಳಿಗಾರರ ಮೇಲೆ ಆಗಸ್ಟ್ 11ರಂದು ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಬೇರೊಂದು ಸತ್ಯಾಗ್ರಹದಲ್ಲಿ ಬಂಧಿತರಾಗಿ ನೈನಿ ಸೆರೆಮನೆಯಲ್ಲಿದ್ದ ಲೋಹಿಯಾ, ಮಂತ್ರಿಮಂಡಲವು ರಾಜೀನಾಮೆ ಕೊಡಬೇಕೆಂದು ಅಲ್ಲಿಂದಲೇ ತಮ್ಮ ಪಕ್ಷವನ್ನು ಒತ್ತಾಯಿಸಿದರು.

ಪೊಲೀಸರೇ ಬೇಡವೆಂದು ಅವರು ವಾದಿಸಲಿಲ್ಲ. ಕೊಲೆಗೆ ಮುಂದಾದ ಗುಂಪನ್ನು, ಸಶಸ್ತ್ರ ದಂಗೆಯನ್ನು ತಡೆಯಲು ಬಲಪ್ರಯೋಗ ಅನಿವಾರ್ಯವಾಗಬಹುದು. ಆದರೆ ಕೊಲ್ಲಲು ಬಾರದ ಜನರನ್ನು ಕೊಲ್ಲುವ ಹಕ್ಕು ಸ್ವತಂತ್ರ ದೇಶದ ಯಾವ ಸರಕಾರಕ್ಕೂ ಇಲ್ಲವೆಂಬುದು ಅವರ ನಿಲುವು. ಸಹೋದ್ಯೋಗಿಗಳ ಆಕ್ಷೇಪವೂ ಹುರುಳಿಲ್ಲದ್ದಲ್ಲ. ಪ್ರತಿಯೊಂದು ಗೋಲಿಬಾರಿಗೂ ಮಂತ್ರಿಗಳು ಮನೆಗೆ ಹೋಗಬೇಕಾದರೆ ಆಡಳಿತ ನಡೆಯುವುದೆಂತು, ದುರ್ಬಲನನ್ನು ಪುಂಡರಿಂದ ಕಾಯುವವರಾರು ಎಂದು ಅವರು ಕೇಳಿದರು. ಪಕ್ಷದ ಬಹುಮತ ಅವರ ಕಡೆಗೇ ಇದ್ದಿತು. ಮಂತ್ರಿಮಂಡಲ ಉಳಿಯಿತು, ಲೋಹಿಯಾ ಅವರೇ ಕಾರ್ಯದರ್ಶಿ ಸ್ಥಾನವನ್ನು ಬಿಟ್ಟರು. ಮುಂದಿನ ವರ್ಷದ ಕೊನೆಗೆ ಪಕ್ಷವೂ ಒಡೆಯಿತು. ಅವರು ಬೇರೆ ಸಮಾಜವಾದಿ ಪಕ್ಷವನ್ನು ಕಟ್ಟಿದರು. ಈ ಒಡಕಿನಿಂದ ದೇಶದ ಸಮಾಜವಾದಿ ಚಳವಳಿಯ ಶಕ್ತಿ ಕುಂದಿತೆಂಬುದು ಸುಳ್ಳಲ್ಲ.

ಕಾಗೋಡು ಹೋರಾಟದಲ್ಲಿ ದುಡಿದ ತೀರ್ಥಹಳ್ಳಿ ಸೀಮೆಯ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ-ಹೊಸನಗರದಿಂದ ವಿಧಾನಸಭೆಗೆ ಆರಿಸಿಹೋಗಿ ಗೇಣಿದಾರರ ದನಿಯಾದರು. ಲೋಹಿಯಾ 1963ರಲ್ಲಿ ಲೋಕಸಭೆಯನ್ನು ಪ್ರವೇಶಿಸಿದರು. 1967ರ ಅಕ್ಟೋಬರ್ 12ರಂದು ದೆಹಲಿಯಲ್ಲಿ ನಿಧನರಾದರು. ಉಳುವವನಿಗೆ ಭೂಮಿಯ ಒಡೆತನ ಕೊಡುವ ಭೂಸುಧಾರಣೆಯ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಗೆ ಬಂದುದು 1974ರಲ್ಲಿ. ಹಿಂದೊಮ್ಮೆ ಅತಿಕ್ರಮಣವೆನಿಸಿದ್ದ ಉಳುಮೆಯೇ ಅಂದಿನಿಂದ ಗೇಣಿದಾರನ ಹಕ್ಕಿಗೆ ಆಧಾರವಾಯಿತು.